ಕರುಳಿನ ರಂಧ್ರ: ಕಾರಣ, ಲಕ್ಷಣ ಮತ್ತು ಚಿಕಿತ್ಸೆ

(ಸಂಸ್ಥೆಯ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹೊಟ್ಟೆನೋವು ಬಾರದ ಮನುಷ್ಯನಿಲ್ಲ. ಬಂದಾಗ ನಾವೆಲ್ಲ ಮೊದಲು ಹೇಳುವ ಮಾತು 'ಗ್ಯಾಸ್ಟ್ರಿಕ್ ಇರಬೇಕು' ಎಂದು. ಒಂದು ಲೋಟ ಸೋಡಾ, ಒಂದಿಷ್ಟು ಜೀರಿಗೆ ಕಷಾಯ, ಮೆಡಿಕಲ್ ಅಂಗಡಿಯ ಒಂದು ಮಾತ್ರೆ. ಹೆಚ್ಚಿನ ಸಲ ಅಷ್ಟರಲ್ಲೇ ಗುಣವಾಗುತ್ತದೆ. ಆದರೆ ಕೆಲವೊಮ್ಮೆ ಆ ನೋವು ಗ್ಯಾಸ್ಟ್ರಿಕ್ ಆಗಿರುವುದಿಲ್ಲ, ಕರುಳು ತೂತಾಗಿರುತ್ತದೆ. ಆಗ ಕಳೆಯುವ ಪ್ರತಿಯೊಂದು ಗಂಟೆಯೂ ರೋಗಿಯ ಆಯುಸ್ಸಿನ ಪ್ರಶ್ನೆಯಾಗುತ್ತದೆ. ಈ ಎರಡು ನೋವುಗಳ ವ್ಯತ್ಯಾಸವನ್ನು ನೀವು ತಿಳಿದುಕೊಳ್ಳಬೇಕು, ಮನೆಯವರಿಗೂ ತಿಳಿಸಬೇಕು ಎಂಬುದೇ ಈ ಉಪನ್ಯಾಸದ ಉದ್ದೇಶ.

ಏನಿದು ಕರುಳಿನ ರಂಧ್ರ?

ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿದೆ, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಇಷ್ಟು ಉದ್ದದ ಕೊಳವೆ ಹೊಟ್ಟೆಯೊಳಗೆ ಮಡಚಿಕೊಂಡಿದೆ. ಅದರೊಳಗೆ ಆಹಾರ, ಜೀರ್ಣರಸ, ಪಿತ್ತ, ಮಲ ಮತ್ತು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಕೊಳವೆಯ ಒಳಗಿರುವಷ್ಟು ಕಾಲ ಇವುಗಳಿಂದ ಅಪಾಯವಿಲ್ಲ. ಕೊಳವೆಯ ಹೊರಗೆ ಪೆರಿಟೋನಿಯಂ ಎಂಬ ತೆಳುವಾದ ಪೊರೆಯಿದೆ. ಅಲ್ಲಿ ಒಂದು ಸೂಕ್ಷ್ಮಜೀವಿಯೂ ಇರಬಾರದು. ಕರುಳಿನ ಗೋಡೆ ತೂತಾದರೆ ಒಳಗಿನದೆಲ್ಲ ಈ ಪೊರೆಯ ಮೇಲೆ ಸೋರುತ್ತದೆ. ಪೊರೆ ಉರಿಯೂತಕ್ಕೆ ಒಳಗಾಗುತ್ತದೆ, ಕೀವಾಗುತ್ತದೆ, ನಂಜು ರಕ್ತಕ್ಕೆ ಸೇರುತ್ತದೆ. ಕೊನೆಗೆ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಶ್ವಾಸಕೋಶಗಳು ಕೈಕೊಡುತ್ತವೆ. ರಂಧ್ರಕ್ಕಿಂತ ಈ ನಂಜೇ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತದೆ.

ಕಾರಣಗಳು

ಮೊದಲನೆಯದು ವಿಷಮಶೀತ ಜ್ವರ, ಅಂದರೆ ಟೈಫಾಯಿಡ್. ಹಾಸ್ಟೆಲ್‌ಗಳಲ್ಲಿ ಇರುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಕೊಳಕು ನೀರು, ತೊಳೆಯದ ಕೈ, ರಸ್ತೆ ಬದಿಯ ಐಸ್ ಹಾಕಿದ ಜ್ಯೂಸ್, ತೆರೆದಿಟ್ಟ ತಿಂಡಿ, ಇವುಗಳ ಮೂಲಕ ಸಾಲ್ಮೊನೆಲ್ಲ ಟೈಫಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆ ಸೇರುತ್ತದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ ಪ್ಯಾಚ್ ಎಂಬ ರೋಗನಿರೋಧಕ ಅಂಗಾಂಶದ ತೇಪೆಗಳಿವೆ. ಟೈಫಾಯಿಡ್ ಅಲ್ಲಿ ಬೀಡುಬಿಡುತ್ತದೆ. ತೇಪೆ ಊದಿಕೊಂಡು, ಕೊಳೆತು, ಹುಣ್ಣಾಗಿ, ಸಾಮಾನ್ಯವಾಗಿ ಜ್ವರದ ಮೂರನೆಯ ವಾರದಲ್ಲಿ ತೂತಾಗುತ್ತದೆ. ಆಸ್ಪತ್ರೆಗೆ ದಾಖಲಾಗುವ ಟೈಫಾಯಿಡ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಹೀಗಾಗಬಹುದು. ಎರಡು ದಿನ ಮಾತ್ರೆ ನುಂಗಿ, ಜ್ವರ ಇಳಿಯಿತೆಂದು ಬಿಟ್ಟುಬಿಡುವವರು ಈ ಅಪಾಯವನ್ನು ತಾವೇ ಆಹ್ವಾನಿಸಿಕೊಳ್ಳುತ್ತಾರೆ.

ಎರಡನೆಯದು ಅಲ್ಸರ್. ಜಠರದಲ್ಲಿ ಅಥವಾ ಅದರ ನಂತರ ಬರುವ ಡ್ಯುವೋಡಿನಂನಲ್ಲಿ ಆದ ಹುಣ್ಣು ಗೋಡೆಯನ್ನು ಕೊರೆದು ತೂತು ಮಾಡುತ್ತದೆ. ಚಿಂತೆ ಮತ್ತು ಖಾರದಿಂದ ಅಲ್ಸರ್ ಬರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಇದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಸ್ವತಃ ಕುಡಿದು ಪರೀಕ್ಷಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ಮಂಡಿನೋವು, ಸೊಂಟನೋವು ಎಂದು ವೈದ್ಯರ ಸಲಹೆಯಿಲ್ಲದೆ ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅದರೊಂದಿಗೆ ಬೀಡಿ ಸಿಗರೇಟು ಸೇರಿದರೆ ಅಪಾಯ ಇನ್ನಷ್ಟು ಹೆಚ್ಚು.

ಮೂರನೆಯದು ಅಪೆಂಡಿಕ್ಸ್. ನೋವು ಹೊಕ್ಕುಳಿನ ಸುತ್ತ ಆರಂಭವಾಗಿ ಕೆಲವು ಗಂಟೆಗಳಲ್ಲಿ ಬಲಭಾಗದ ಕೆಳಹೊಟ್ಟೆಗೆ ಇಳಿಯುತ್ತದೆ. ಆಗಲೇ ಚಿಕಿತ್ಸೆ ಪಡೆಯದಿದ್ದರೆ ಒಂದೆರಡು ದಿನಗಳಲ್ಲಿ ಅದು ಒಡೆಯಬಹುದು.

ಇವಲ್ಲದೆ ಕರುಳಿನ ಕ್ಷಯ, ಕ್ಯಾನ್ಸರ್, ಕರುಳು ತಿರುಚಿಕೊಳ್ಳುವುದು, ಅಪಘಾತದ ಪೆಟ್ಟುಗಳೂ ಕಾರಣವಾಗುತ್ತವೆ. ಸೈಕಲ್‌ನಿಂದ ಬಿದ್ದ ಮಗುವಿನ ಹೊಟ್ಟೆಗೆ ಹ್ಯಾಂಡಲ್ ಚುಚ್ಚಿದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ಕರುಳು ಹರಿದಿರಬಹುದು. ಮೀನಿನ ಮುಳ್ಳು ನುಂಗಿ ಕರುಳು ತೂತಾದದ್ದೂ ಉಂಟು. ಆಟಿಕೆಯ ಗುಂಡಿಯಂಥ ಬ್ಯಾಟರಿ ಮತ್ತು ಅಯಸ್ಕಾಂತದ ಚೂರುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಎರಡು ಅಯಸ್ಕಾಂತಗಳು ಕರುಳಿನ ಎರಡು ಮಡಿಕೆಗಳಿಂದ ಒಂದನ್ನೊಂದು ಸೆಳೆದುಕೊಂಡರೆ ನಡುವಿನ ಗೋಡೆ ಕೊಳೆತು ತೂತಾಗುತ್ತದೆ.

ಲಕ್ಷಣಗಳು

ಅಲ್ಸರ್ ಒಡೆದಾಗ ನೋವು ಇದ್ದಕ್ಕಿದ್ದಂತೆ ಚೂರಿಯಿಂದ ಇರಿದ ಹಾಗೆ ಬರುತ್ತದೆ. ಎಷ್ಟು ಗಂಟೆಗೆ ಬಂತೆಂದು ರೋಗಿ ಕರಾರುವಾಕ್ಕಾಗಿ ಹೇಳಬಲ್ಲ. ಸಾಮಾನ್ಯ ಹೊಟ್ಟೆನೋವಿನವನು ಹೊರಳಾಡುತ್ತಾನೆ. ಕರುಳು ತೂತಾದವನು ಅಲುಗಾಡದೆ ಮಲಗುತ್ತಾನೆ, ಏಕೆಂದರೆ ಕೆಮ್ಮಿದರೂ ಮಗ್ಗುಲು ಬದಲಿಸಿದರೂ ನೋವು ಹೆಚ್ಚುತ್ತದೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ವಾಂತಿ, ಜ್ವರ, ವೇಗದ ನಾಡಿ, ತಣ್ಣನೆಯ ಬೆವರು, ಹೊಟ್ಟೆಯುಬ್ಬರ, ಮಲ ಮತ್ತು ವಾಯು ನಿಲ್ಲುವುದು, ಇವು ಜೊತೆಗೂಡುತ್ತವೆ.

ಇಲ್ಲಿ ಒಂದು ಮೋಸವಿದೆ. ಕೆಲವು ಗಂಟೆಗಳ ನಂತರ ನೋವು ಸ್ವಲ್ಪ ಕಡಿಮೆಯಾದಂತೆ ಕಾಣಬಹುದು. ಮನೆಯವರು 'ಅಲ್‌ಹಮ್ದುಲಿಲ್ಲಾಹ್, ಕಡಿಮೆಯಾಯಿತು' ಎಂದು ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ಆಗ ಒಳಗೆ ನಂಜು ಹರಡುತ್ತಿರುತ್ತದೆ. ಅದೇ ರೀತಿ ಟೈಫಾಯಿಡ್‌ನಿಂದ ಬಳಲಿದವರಲ್ಲಿ, ವಯಸ್ಸಾದವರಲ್ಲಿ, ಸ್ಟೆರಾಯ್ಡ್ ಸೇವಿಸುವವರಲ್ಲಿ ನೋವು ಅಷ್ಟು ತೀವ್ರವಾಗಿ ಕಾಣಿಸದೇ ಇರಬಹುದು. ವಾರಗಟ್ಟಲೆ ಜ್ವರವಿದ್ದವರಿಗೆ ಹೊಸದಾಗಿ ಹೊಟ್ಟೆನೋವು, ಹೊಟ್ಟೆಯುಬ್ಬರ ಬಂದರೆ ತಡಮಾಡಬೇಡಿ.

ಮಾಡಬಾರದ್ದು

ಇಂಥ ರೋಗಿಗೆ ಊಟ, ನೀರು, ಕಷಾಯ ಏನನ್ನೂ ಕೊಡಬೇಡಿ. ಹರಳೆಣ್ಣೆ ಕುಡಿಸಬೇಡಿ, ಎನಿಮಾ ಕೊಡಬೇಡಿ. ಹೊಕ್ಕುಳು ಸರಿದಿದೆ ಎಂದು ಹೊಟ್ಟೆ ತಿಕ್ಕಿಸಬೇಡಿ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿಸಬೇಡಿ. ದುಆ ಮಾಡಿಸಿ, ಅದು ನಮ್ಮ ವಿಶ್ವಾಸ. ಆದರೆ 108ಕ್ಕೆ ಕರೆ ಮಾಡಿದ ಮೇಲೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಿ. ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ನೇರವಾಗಿ ಹೋಗಿ.

ಗಲ್ಫ್‌ನಲ್ಲಿರುವ ಯಜಮಾನರ ಫೋನ್ ಬರಲಿ, ಆಮೇಲೆ ಸಹಿ ಹಾಕೋಣ ಎಂದು ಕಾಯುವ ಕುಟುಂಬಗಳಿವೆ. ನಮ್ಮ ಹೆಣ್ಣುಮಕ್ಕಳು ಪುರುಷ ವೈದ್ಯರು ಹೊಟ್ಟೆ ಮುಟ್ಟಿ ನೋಡುತ್ತಾರೆಂಬ ಸಂಕೋಚದಿಂದ ನೋವನ್ನು ನುಂಗಿಕೊಳ್ಳುತ್ತಾರೆ. ಮಹಿಳಾ ವೈದ್ಯರು ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಪ್ರಾಣಾಪಾಯದ ಸಂದರ್ಭದಲ್ಲಿ ಶರೀಅತ್ ಅನುಮತಿ ಕೊಟ್ಟಿದೆ. ತಾಯಂದಿರೇ, ಈ ಮಾತನ್ನು ನಿಮ್ಮ ಮಗಳಿಗೆ ಇಂದೇ ಹೇಳಿ. ಯಜಮಾನರು ದೂರವಿದ್ದರೆ ತುರ್ತು ಸಮಯದಲ್ಲಿ ನಿರ್ಧಾರ ಯಾರು ಮಾಡಬೇಕೆಂದು ಮೊದಲೇ ಮಾತನಾಡಿಟ್ಟುಕೊಳ್ಳಿ.

ಚಿಕಿತ್ಸೆ

ಆಸ್ಪತ್ರೆಯಲ್ಲಿ ಮೊದಲು ರೋಗಿಯನ್ನು ಕುಳ್ಳಿರಿಸಿ ಅಥವಾ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಕರುಳಿನಿಂದ ಹೊರಬಂದ ಗಾಳಿ ಮೇಲೇರಿ ವಪೆಯ ಕೆಳಗೆ ಕಪ್ಪು ಗೆರೆಯಂತೆ ಕಾಣುತ್ತದೆ. ಎಲ್ಲರಲ್ಲೂ ಅದು ಕಾಣುವುದಿಲ್ಲ. ಸಂಶಯವಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ರಕ್ತನಾಳಕ್ಕೆ ಡ್ರಿಪ್, ಶಕ್ತಿಯುತ ಆಂಟಿಬಯಾಟಿಕ್, ನೋವು ಶಮನ, ಹೊಟ್ಟೆ ಖಾಲಿ ಮಾಡಲು ಮೂಗಿನಿಂದ ನಳಿಕೆ, ಮೂತ್ರದ ಅಳತೆಗೆ ಇನ್ನೊಂದು ನಳಿಕೆ. ಇದೆಲ್ಲ ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಸಿದ್ಧಗೊಳಿಸುವ ಕೆಲಸ. 'ಇನ್ನೂ ಆಪರೇಷನ್ ಮಾಡಿಲ್ಲ' ಎಂದು ಗಾಬರಿಯಾಗಬೇಡಿ.

ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ತೆರೆದು, ಕೆಲವೆಡೆ ಲ್ಯಾಪರೋಸ್ಕೋಪ್ ಮೂಲಕ, ಸೋರಿದ ಕೊಳೆಯನ್ನು ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆಯುತ್ತಾರೆ. ಅಲ್ಸರ್ ರಂಧ್ರವಾದರೆ ಓಮೆಂಟಮ್ ಎಂಬ ಕೊಬ್ಬಿನ ಪದರದ ತುಂಡನ್ನು ಅದರ ಮೇಲಿಟ್ಟು ಹೊಲಿಯುತ್ತಾರೆ. ಕೆನಡಾದ ಶಸ್ತ್ರಚಿಕಿತ್ಸಕ ರಾಸ್ಕೋ ಗ್ರಹಾಂ 1937ರಲ್ಲಿ ಪ್ರಕಟಿಸಿದ ಈ ಸರಳ ವಿಧಾನ ಇಂದಿಗೂ ಬಳಕೆಯಲ್ಲಿದೆ. ಟೈಫಾಯಿಡ್‌ನ ಒಂದು ರಂಧ್ರವಾದರೆ ಹೊಲಿಗೆ ಸಾಕಾಗಬಹುದು. ಹಲವು ರಂಧ್ರಗಳಿದ್ದರೆ ಆ ಭಾಗವನ್ನೇ ಕತ್ತರಿಸಿ ಜೋಡಿಸಬೇಕಾಗುತ್ತದೆ.

ರೋಗಿ ಬಹಳ ನಿತ್ರಾಣನಾಗಿದ್ದರೆ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುತ್ತಾರೆ. ಇದಕ್ಕೆ ಸ್ಟೋಮಾ ಎನ್ನುತ್ತಾರೆ. ಈ ಮಾತು ಕೇಳಿದೊಡನೆ ಎಷ್ಟೋ ಕುಟುಂಬಗಳು ಹಿಂಜರಿಯುತ್ತವೆ. ಬಹುಪಾಲು ಇದು ತಾತ್ಕಾಲಿಕ. ಕೆಲವು ತಿಂಗಳ ನಂತರ ಮತ್ತೆ ಒಳಗೆ ಸೇರಿಸುತ್ತಾರೆ. ಚೀಲವಿದ್ದರೆ ನಮಾಝ್ ಹೇಗೆ ಎಂದು ಕೇಳುವವರಿದ್ದಾರೆ. ಇಂಥವರನ್ನು ಶರೀಅತ್ 'ಮಅಝೂರ್' ಎಂದು ಪರಿಗಣಿಸುತ್ತದೆ. ನಮಾಝಿನ ಸಮಯವಾದ ಮೇಲೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ವಿವರಗಳನ್ನು ನಿಮ್ಮ ಮದ್‌ಹಬ್‌ನ ಉಲಮಾಗಳಿಂದ ಕೇಳಿಕೊಳ್ಳಿ. ಆ ಕಾರಣಕ್ಕೆ ಚಿಕಿತ್ಸೆಯನ್ನು ಬಿಡಬೇಡಿ.

ಖರ್ಚಿನ ಭಯವೂ ಸಹಜ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡುಗಳನ್ನು ಇಂದೇ ಮಾಡಿಸಿಟ್ಟುಕೊಳ್ಳಿ. ಸಂಘದ ಯುವಕರು ಮನೆಮನೆಗೆ ಹೋಗಿ ಈ ಕೆಲಸಕ್ಕೆ ನೆರವಾದರೆ ಅದು ದೊಡ್ಡ ಸೇವೆ.

ನಮ್ಮ ಪರಂಪರೆಯ ಒಂದು ನೆನಪು

ಕರುಳು ಹೊಲಿಯುವ ವಿದ್ಯೆ ಇಂದಿನದಲ್ಲ. ಸ್ಪೇನಿನ ಕುರ್ತುಬಾದ ಬಳಿ ಬಾಳಿದ ಅಬುಲ್ ಖಾಸಿಂ ಅಝ್ಝಹ್ರಾವಿ (936–1013) ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದಲ್ಲಿ ಕರುಳಿನ ಗಾಯಕ್ಕೆ ಪ್ರಾಣಿಯ ಕರುಳಿನಿಂದ ತೆಗೆದ ಎಳೆಯಿಂದ ಹೊಲಿಗೆ ಹಾಕುವುದನ್ನೂ, ದೊಡ್ಡ ಇರುವೆಗಳಿಂದ ಗಾಯದ ಅಂಚನ್ನು ಕಚ್ಚಿಸಿ ತಲೆ ಮಾತ್ರ ಉಳಿಸುವ ಕ್ರಮವನ್ನೂ ವಿವರಿಸಿದ್ದಾರೆ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲೂ ಇರುವೆಯ ಈ ಉಪಾಯವಿದೆ. 'ಅತ್ತಸ್ರೀಫ್'ನ ಶಸ್ತ್ರಚಿಕಿತ್ಸೆಯ ಭಾಗ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಾಠವಾಯಿತು. ಇದನ್ನು ಹೇಳಿ ಎದೆ ತಟ್ಟಿಕೊಂಡರೆ ಸಾಲದು. ವಿದ್ಯಾರ್ಥಿಗಳೇ, ಆ ಹಾದಿಯಲ್ಲಿ ಮುಂದಿನ ಹೆಜ್ಜೆ ನಿಮ್ಮದಾಗಬೇಕು. ನಮಗೆ ಶಸ್ತ್ರಚಿಕಿತ್ಸಕರು ಬೇಕು, ಅದರಲ್ಲೂ ಮಹಿಳಾ ಶಸ್ತ್ರಚಿಕಿತ್ಸಕರು ಬೇಕು.

ತಡೆಗಟ್ಟುವುದು ಹೇಗೆ?

ಕುದಿಸಿದ ನೀರು ಕುಡಿಯಿರಿ. ಶೌಚದ ನಂತರ, ಊಟದ ಮೊದಲು ಸೋಪಿನಿಂದ ಕೈ ತೊಳೆಯಿರಿ. ಶುಚಿತ್ವ ನಮಗೆ ಈಮಾನಿನ ಭಾಗ. ಹಾಸ್ಟೆಲ್ ಮತ್ತು ಮಸೀದಿಗಳ ನೀರಿನ ಟ್ಯಾಂಕುಗಳನ್ನು ನಿಯಮಿತವಾಗಿ ತೊಳೆಸಿ. ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು 6 ತಿಂಗಳು ದಾಟಿದ ಮಕ್ಕಳಿಗೂ ಹಾಕಿಸಬಹುದು. ಜ್ವರಕ್ಕೆ ಕೊಟ್ಟ ಆಂಟಿಬಯಾಟಿಕ್‌ಗಳನ್ನು ಹೇಳಿದಷ್ಟು ದಿನ ಪೂರ್ತಿ ಸೇವಿಸಿ. ಅಲ್ಸರ್ ಇರುವವರು ರಮಝಾನ್ ಬರುವ ಮೊದಲೇ ವೈದ್ಯರನ್ನು ಕಾಣಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದನ್ನು ಸೂರಃ ಅಲ್‌ಬಖರಃ ತಿಳಿಸುತ್ತದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದರಲ್ಲಿ ನಾಚಿಕೆಯಿಲ್ಲ.

ಇಂದಿನ ಮಾತುಗಳಲ್ಲಿ ಇಷ್ಟನ್ನಾದರೂ ನೆನಪಿಡಿ: ಹೊಟ್ಟೆ ಗಟ್ಟಿಯಾದರೆ, ರೋಗಿ ಅಲುಗಾಡಲು ಹೆದರಿದರೆ, ಬಾಯಿಗೆ ಏನೂ ಕೊಡದೆ ಆಸ್ಪತ್ರೆಗೆ ಹೊರಡಿ. ದೇಹ ನಮ್ಮ ಬಳಿಯಿರುವ ಅಮಾನತು. ಅದನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.