ಎಳೆಯುವ ನೌಕೆಯ ದೀಪಗಳು, ಸಂಗಮದ ತೆಪ್ಪ



ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತದೆ. ಮೇಕೆದಾಟಿಗೆ ಹೋಗುವವರು ಅಲ್ಲಿ ತೆಪ್ಪದಲ್ಲಿ ಹೊಳೆ ದಾಟುತ್ತಾರೆ. ಸರಕು ದೋಣಿಗಳನ್ನು ಎಳೆಯುವ ಯಂತ್ರನೌಕೆಗಳು ಇಲ್ಲಿಲ್ಲ; ಆದರೆ ಅವುಗಳ ದೀಪನಿಯಮದ ಹಿಂದಿನ ಕಾರಣವು ಈ ಹೊಳೆಗೂ ಸಲ್ಲುತ್ತದೆ.

ಕತ್ತಲಲ್ಲಿ ಎರಡು ನೌಕೆಗಳ ನಡುವಣ ಹಗ್ಗವು ಕಾಣದು. ಅವು ಬೇರೆಬೇರೆಯೆಂದು ತಿಳಿದು ನಡುವೆ ನುಗ್ಗಿದ ದೋಣಿಯು ಹಗ್ಗಕ್ಕೆ ಸಿಲುಕಿ ಮಗುಚಬಹುದು. ಆದುದರಿಂದ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಂತೆ, ಎಳೆಯುವ ಯಂತ್ರನೌಕೆಯು ಮೇಲೆ ಒಂದರ ಕೆಳಗೊಂದು ಎರಡು ಬಿಳಿ ದೀಪಗಳನ್ನು ಉರಿಸಬೇಕು. ಎಳೆತದ ಉದ್ದವು 200 ಮೀಟರ್ ಮೀರಿದರೆ ಮೂರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಅದರ ಮೇಲೆ ಹಳದಿ. ಹಿಂದೆ ಬರುವ ನೌಕೆಗೂ ಪಕ್ಕದ ದೀಪಗಳು ಮತ್ತು ಹಿಂದೀಪ ಇರಬೇಕು.

ಗುಂಡಗಿನ ತೆಪ್ಪಕ್ಕೆ ಎಡಬಲಗಳೇ ಇಲ್ಲ! ಹುಟ್ಟು ಹಾಕುವ ದೋಣಿಗೆ ಅದೇ ನಿಯಮಗಳು, ಡಿಕ್ಕಿ ತಪ್ಪಿಸುವಷ್ಟು ಮೊದಲೇ ತೋರಿಸಲು ಸಿದ್ಧವಿರುವ ಬಿಳಿ ಬೆಳಕಿನ ಟಾರ್ಚ್ ಅಥವಾ ಲಾಂದ್ರವಾದರೂ ಇರಲೇಬೇಕೆನ್ನುತ್ತವೆ. ಮೊಬೈಲ್ ಬೆಳಕನ್ನು ನೆಚ್ಚಲಾಗದು; ಹುಟ್ಟು ಹಿಡಿದವನಿಗೆ ಮೂರನೆಯ ಕೈಯಿಲ್ಲ.

1917ರ ಕಾಯ್ದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ಯಂತ್ರರಹಿತ ದೋಣಿಗಳನ್ನೂ ಒಳಗೊಂಡಿದೆ. ಅವುಗಳ ಆಡಳಿತ ಕಾರ್ಯವನ್ನು ರಾಜ್ಯ ಸರ್ಕಾರವು ಪಂಚಾಯಿತಿಗಳಿಗೆ ವಹಿಸಬಹುದು. ಸಂಜೆಯ ಕೊನೆಯ ತೆಪ್ಪದಲ್ಲಿ ಟಾರ್ಚ್ ಇದೆಯೇ ಎಂದು ವಿಚಾರಿಸಲು ಮಾತ್ರ ಆ ಆದೇಶಕ್ಕಾಗಿ ಕಾಯಬೇಕಾಗಿಲ್ಲ.