ಗಂಗೋತ್ರಿಯ ನೆರೆಹೊರೆ



ಘಟಿಕೋತ್ಸವದಲ್ಲಿ ದೇಶದ ಭವಿಷ್ಯ, ಜಗತ್ತಿನ ಸವಾಲುಗಳ ಬಗ್ಗೆ ಮಾತಾಡುವುದು ವಾಡಿಕೆ. ನಾನು ಅಷ್ಟು ದೂರ ಹೋಗುವವನಲ್ಲ. ಮೈಸೂರಿನ ಪಡುವಾರಹಳ್ಳಿ, ಸರಸ್ವತಿಪುರಂ, ಒಂಟಿಕೊಪ್ಪಲು, ಬೋಗಾದಿ, ಇಷ್ಟರೊಳಗೇ ಸುತ್ತಾಡುತ್ತೇನೆ. ಪದವೀಧರರೆ, ನಿಮ್ಮ ಅಂಕಪಟ್ಟಿಯಲ್ಲಿ ಈ ಹೆಸರುಗಳಿಲ್ಲ. ಆದರೆ ನಿಮ್ಮಲ್ಲಿ ಅನೇಕರು ರೂಮು ಹಿಡಿದದ್ದು, ಮೆಸ್ಸಿನಲ್ಲಿ ಉಂಡದ್ದು, ಥೀಸಿಸ್ ಬೈಂಡ್ ಮಾಡಿಸಿದ್ದು, ತಿಂಗಳ ಕೊನೆಯಲ್ಲಿ ಸಾಲ ಹೇಳಿ ಕಾಫಿ ಕುಡಿದದ್ದು ಇಲ್ಲೆಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಮಾನಸಗಂಗೋತ್ರಿ ಕ್ಯಾಂಪಸ್ಸು ಇರಲಿಲ್ಲ. ಮಹಾರಾಜ ಕಾಲೇಜು ಊರಿನ ನಡುವೆಯೇ ಇತ್ತು, ವಿದ್ಯಾರ್ಥಿಗಳು ಊರಿನ ಕೇರಿಗಳಲ್ಲಿದ್ದರು. ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದರು. ಇದನ್ನು ನೆನೆದು ಗದ್ಗದಿತರಾಗುವ ಹಿರಿಯರಿದ್ದಾರೆ. ಉಣಬಡಿಸಿದ ತಾಯಂದಿರ ಬಗ್ಗೆ ನನಗೂ ಗೌರವವಿದೆ. ಆದರೆ ಆ ಪಂಕ್ತಿಯಲ್ಲಿ ಎಲೆ ಹಾಕುವ ಮೊದಲು ಹುಡುಗನ ಹಸಿವನ್ನಷ್ಟೇ ನೋಡುತ್ತಿರಲಿಲ್ಲ, ಜಾತಿಯನ್ನೂ ನೋಡುತ್ತಿದ್ದರು. ಉಳಿದವರಿಗೆ ಸಮುದಾಯಗಳ ಹಾಸ್ಟೆಲುಗಳು, ಮಠಗಳ ಪ್ರಸಾದನಿಲಯಗಳು ಆಸರೆಯಾದವು. ಊರು ವಿಶ್ವವಿದ್ಯಾಲಯವನ್ನು ಸಾಕಿತು ನಿಜ. ಎಲ್ಲ ಮಕ್ಕಳನ್ನೂ ಒಂದೇ ಕೈಯಲ್ಲಿ ಸಾಕಲಿಲ್ಲ.

ವಿಶ್ವವಿದ್ಯಾಲಯವೂ ಊರಿಗೆ ಕೊಟ್ಟದ್ದುಂಟು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಕೇಂದ್ರ ತೆರೆದರು. ಅದಕ್ಕಿಟ್ಟ ಹೆಸರು ಆಕಾಶವಾಣಿ. ಯಾವ ಯೋಜನೆಯಡಿ, ಯಾರ ಸುತ್ತೋಲೆಯ ಮೇರೆಗೆ ಅವರು ಅದನ್ನು ಮಾಡಿದರು ಎಂದು ಇಂದಿನ ನಮ್ಮ ಯಾವುದಾದರೂ ಸಮಿತಿ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ವಿಶ್ವವಿದ್ಯಾಲಯದ ಮೇಷ್ಟರುಗಳು ಹಳ್ಳಿ ಪಟ್ಟಣಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಸಾಹಿತ್ಯಗಳ ಮೇಲೆ ಜನರೆದುರು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಮಾತುಗಳೇ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳಾದವು. ಹಳೆಯ ಪುಸ್ತಕದಂಗಡಿಯಲ್ಲಿ ಈಗಲೂ ಒಂದೊಂದು ಸಿಗುತ್ತದೆ, ಸಿಕ್ಕರೆ ಬಿಡಬೇಡಿ.

1960ರಲ್ಲಿ ಮಾನಸಗಂಗೋತ್ರಿ ಶುರುವಾಯಿತು. ಕುವೆಂಪು ಅವರ ದೊಡ್ಡ ಕನಸು ಅದು. ಮರಗಳ ನಡುವಿನ ವಿಭಾಗಗಳು, ಓದಲು ಬೇಕಾದ ನೆಮ್ಮದಿ, 700ಕ್ಕೂ ಹೆಚ್ಚು ಎಕರೆ ನೆಲ. ಆದರೆ ನೆಲದ ಜೊತೆಗೆ ಕಾಂಪೌಂಡೂ ಬರುತ್ತದೆ. ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ನಾಡಿನ ಹಳ್ಳಿಹಳ್ಳಿಗಳಿಂದ ತಂದ ಸಾಮಾನುಗಳನ್ನು ಜೋಪಾನವಾಗಿ ಇಟ್ಟಿದ್ದೇವೆ. ಕಾಂಪೌಂಡಿಗೆ ಆತುಕೊಂಡೇ ಇರುವ ಪಡುವಾರಹಳ್ಳಿಯ ಒಂದು ಮನೆಯೊಳಗೆ ನಿಮ್ಮಲ್ಲಿ ಎಷ್ಟು ಮಂದಿ ಕಾಲಿಟ್ಟಿದ್ದೀರಿ? ಬಾಡಿಗೆ ಕೊಡಲು ಹೋದದ್ದನ್ನು ಬಿಟ್ಟು ಹೇಳಿ.

ಊರಿಗೂ ಕ್ಯಾಂಪಸ್ಸಿಗೂ ಇರುವ ಲೇವಾದೇವಿ ಚೊಕ್ಕವಾಗಿ ಕಾಣುವುದು ಕುಕ್ಕರಹಳ್ಳಿ ಕೆರೆಯಲ್ಲಿ. ಇದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ. ಈಗ ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಬೆಳಗಿನ ಜಾವ ಏರಿಯ ಮೇಲೆ ನೋಡಿ: ನಿವೃತ್ತ ಗುಮಾಸ್ತರು, ಪ್ರೊಫೆಸರರು, ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎಂದದ್ದಕ್ಕೆ ಬಂದವರು, ಕೊಕ್ಕರೆಗಳ ಫೋಟೊ ತೆಗೆಯುವ ಹುಡುಗರು. ಗುರುತಿನ ಚೀಟಿ ಇಲ್ಲದ ಮೈಸೂರಿಗರು ಇಷ್ಟು ಸಲೀಸಾಗಿ ಓಡಾಡುವ ಜಾಗ ವಿಶ್ವವಿದ್ಯಾಲಯದಲ್ಲಿ ಇನ್ನೊಂದಿಲ್ಲ.

ಇದೇ ಕೆರೆಗೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳು ಎದ್ದಂತೆ ಅಲ್ಲಲ್ಲಿ ಮುಚ್ಚಿಹೋಯಿತು. ಒಳ್ಳೆಯ ನೀರು ನಿಂತಿತು, ಒಳಚರಂಡಿ ಉಕ್ಕಿದಾಗಲೆಲ್ಲ ಕೊಳಚೆ ಬಂತು. ಊರು ಕೆಡಿಸಿತು ಎಂದು ಕ್ಯಾಂಪಸ್ ದೂರುತ್ತದೆ. ಕೆರೆ ನಿಮ್ಮದು, ನೀವೇ ನೋಡಿಕೊಳ್ಳಿ ಎಂದು ಊರು ಕೈತೊಳೆದುಕೊಳ್ಳುತ್ತದೆ. ಆ ಬಡಾವಣೆಗಳಲ್ಲಿ ಸೈಟು ಕೊಂಡು ಮನೆ ಕಟ್ಟಿದ ಅಧ್ಯಾಪಕರನ್ನು ಯಾವ ಕಡೆ ಸೇರಿಸೋಣ?

ಈ ಕೆರೆಯ ನೀರು, ಪಾಚಿ, ಹಕ್ಕಿಗಳ ಬಗ್ಗೆ ನಮ್ಮ ವಿಭಾಗಗಳಲ್ಲಿ ಸಂಶೋಧನೆ ನಡೆದಿದೆ. ಅದು ಇಂಗ್ಲಿಷಿನಲ್ಲಿ ಗ್ರಂಥಾಲಯದ ಕಪಾಟಿನಲ್ಲಿದೆ. ಕುಲಪತಿಗಳಲ್ಲಿ ನನ್ನದೊಂದು ಸಣ್ಣ ಬೇಡಿಕೆ. ಕೆರೆಯ ಗೇಟಿನಲ್ಲೊಂದು ಕರಿಹಲಗೆ ಇಡಿಸಿ. ಈ ತಿಂಗಳು ನೀರು ಹೇಗಿದೆ, ಕೊಳಚೆ ಎಲ್ಲಿಂದ ಬಂತು, ಯಾವ ಕಚೇರಿಗೆ ಯಾವತ್ತು ಪತ್ರ ಬರೆದೆವು, ಉತ್ತರ ಬಂತೇ ಎಂಬುದನ್ನು ವಿದ್ಯಾರ್ಥಿಗಳೇ ಕನ್ನಡದಲ್ಲಿ ಬರೆಯಲಿ. ದಿನಾ ನಡೆಯಲು ಬರುವವರು ಓದುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ಜಗಳವನ್ನೂ ಆಡುತ್ತಾರೆ. ಆಡಲಿ. ವೈವಾದಲ್ಲಿ ಕೇಳದ ಪ್ರಶ್ನೆಗಳನ್ನು ಅವರು ಕೇಳುತ್ತಾರೆ.

ಪದವೀಧರರೆ, ನಿಮ್ಮಲ್ಲಿ ಕೆಲವರು ಮುಂದೆ ಪಾಲಿಕೆಯಲ್ಲಿ, ಅಭಿವೃದ್ಧಿ ಪ್ರಾಧಿಕಾರಗಳಲ್ಲಿ ಕೂತು ಬಡಾವಣೆಯ ನಕ್ಷೆಗೆ ಸಹಿ ಹಾಕಬಹುದು. ನಕ್ಷೆಯಲ್ಲಿ ನಾಲೆ ಎಲ್ಲಿದೆ ಎಂದು ಮೊದಲು ಹುಡುಕಿ. ಇನ್ನು ಕೆಲವರು ಇದೇ ಊರಲ್ಲಿ ಮನೆ ಕಟ್ಟುತ್ತೀರಿ, ಮಹಡಿಯ ಮೇಲೊಂದು ರೂಮು ಏರಿಸಿ ಟು-ಲೆಟ್ ಬೋರ್ಡು ನೇತುಹಾಕುತ್ತೀರಿ. ಎಚ್.ಡಿ. ಕೋಟೆ ಕಡೆಯ ಹಾಡಿಯಿಂದಲೋ ಕೊಳ್ಳೇಗಾಲದಿಂದಲೋ ಎಂ.ಎ. ಓದಲು ಬಂದ ಹುಡುಗಿ ಗೇಟಿನ ಹತ್ತಿರ ನಿಲ್ಲುತ್ತಾಳೆ. ಬಾಡಿಗೆ, ಅಡ್ವಾನ್ಸು ನಿಮಗೆ ಗಿಟ್ಟುವಷ್ಟು ಹೇಳಿ. ಚೌಕಾಸಿ ಮಾಡಲು ಅವಳಿಗೂ ಬರುತ್ತದೆ. ವಾರಾನ್ನದ ಕಾಲದಿಂದ ನಡೆದುಬಂದ 'ನೀವು ಯಾವ ಜನ?' ಎಂಬ ಪ್ರಶ್ನೆಯನ್ನು ಮಾತ್ರ ಕೇಳಬೇಡಿ. ಯಾವ ವಿಭಾಗ, ಮೇಷ್ಟರು ಯಾರು ಎಂದು ಕೇಳಿ. ಬಹುಶಃ ನಿಮಗೂ ಪಾಠ ಮಾಡಿದವರೇ ಇರುತ್ತಾರೆ.