ರೇಷ್ಮೆಗೂಡಿನ ಬೆಲೆ ಮತ್ತು ಏಷ್ಯಾದ ಒಪ್ಪಂದಗಳು
(ಭಾರತೀನಗರದಲ್ಲಿ ಮಾಡಿದ ಭಾಷಣ)



ಏಷ್ಯಾದ ಆರ್ಥಿಕ ಸಹಕಾರವೆಂದರೆ ದೆಹಲಿ, ಟೋಕಿಯೊಗಳ ಮಾತೆಂದು ನಾವು ಭಾವಿಸುತ್ತೇವೆ. ಆದರೆ ಮದ್ದೂರು, ಮಳವಳ್ಳಿಯ ಹಿಪ್ಪುನೇರಳೆ ತೋಟಗಳಿಗೂ ರಾಮನಗರದಲ್ಲಿ ನೂಲು ಬಿಚ್ಚುವ ನಮ್ಮ ಕುಟುಂಬಗಳಿಗೂ ಅದು ಎಂದೋ ತಲುಪಿದೆ. 1991ರಿಂದ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೊಡನೆ ದುಡಿದುದರ ಫಲವಾಗಿ ದ್ವಿತಳಿ ರೇಷ್ಮೆ ನಮ್ಮ ಹವೆಗೆ ಒಗ್ಗಿತು.

ನೀತಿಯ ಕಥೆ ಬೇರೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಯಿತು. ಆ ವರ್ಷ ಗೂಡಿನ ಬೆಲೆ ಕುಸಿಯಿತು. ನೇಕಾರನಿಗೆ ಅಗ್ಗದ ನೂಲು ಬೇಕು, ಬೆಳೆಗಾರನಿಗೆ ನ್ಯಾಯವಾದ ಬೆಲೆ ಬೇಕು. ಇಬ್ಬರ ಹಿತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ನ್ಯಾಯ.

2019ರ ನವೆಂಬರಿನಲ್ಲಿ ಭಾರತವು ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. ಬಾಗಿಲು ಮುಚ್ಚಿದ ಮಾತ್ರಕ್ಕೆ ಬದುಕು ಹಸನಾಗದು. ಏಷ್ಯಾದ ನೀತಿಗಳನ್ನು ಅಧ್ಯಯನ ಮಾಡಲು 2008ರಲ್ಲಿ ಜಕಾರ್ತದಲ್ಲಿ ಸ್ಥಾಪಿತವಾದ ಆಸಿಯಾನ್ ಮತ್ತು ಪೂರ್ವ ಏಷ್ಯಾ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಭಾರತವೂ ಪಾಲುದಾರ. ಅಂತಹ ವೇದಿಕೆಗಳಿಗೆ ಗೂಡು ಬೆಳೆಯುವವರ, ನೂಲು ಬಿಚ್ಚುವವರ ಲೆಕ್ಕವೂ ತಲುಪಬೇಕು. ಪ್ರತಿ ಬೆಳೆಯ ಖರ್ಚು, ಬೆಲೆ, ಸಾಲಗಳನ್ನು ನಮ್ಮ ವಿದ್ಯಾವಂತ ಮಕ್ಕಳು ಇಂದಿನಿಂದಲೇ ಬರೆದಿಡಲಿ. ಲೆಕ್ಕವಿಲ್ಲದ ಅಳಲಿಗೆ ಸಂಧಾನದ ಮೇಜಿನಲ್ಲಿ ಸ್ಥಾನವಿಲ್ಲ.